ಹಳದಿ ಬಟ್ಟೆ ಕಟ್ಟಿದ ಬಾಗಿಲು

ಬಂದರಿನ ಬೀದಿಯವರಿಗೆ ಸೋಲುವುದೆಂದರೆ ಮೈಮೇಲೆ ಬಿಸಿನೀರು ಸುರಿದ ಹಾಗೆ. ಆಟ ಯಾವುದು, ಏಕೆ ಆಡುತ್ತಿದ್ದೇವೆ ಎಂಬುದು ಆಮೇಲಿನ ಮಾತು; ಮೊದಲು ಗೆಲ್ಲಬೇಕು. ಸಮುದ್ರ ಉಕ್ಕಿ ಬಂದರೆ ಓಡಿ ಪಾರಾಗುವುದು ಹೇಗೆ ಎಂದು ಕಲಿಸಲು ಸರ್ಕಾರದವರು ಬಂದಾಗ ಅದನ್ನೂ ಅವರು ಪಂದ್ಯ ಮಾಡಿಕೊಂಡರು. ನ್ಯಾಯವಾಗಿ ಹೇಳಬೇಕೆಂದರೆ ತಪ್ಪು ಅವರೊಬ್ಬರದೇ ಅಲ್ಲ. ಕಪ್ ಇಟ್ಟವರು ಯಾರು? ಕಪ್ ಇಟ್ಟ ಮೇಲೆ ಕಲಿಯುವವರು ಯಾರೂ ಇರುವುದಿಲ್ಲ, ಎಲ್ಲರೂ ಗೆಲ್ಲುವವರೇ.

ದ್ವೀಪ ಸಣ್ಣದು. ನಡುವೆ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ನೀರಿನ ಟ್ಯಾಂಕು, ಅದರ ಪಕ್ಕದಲ್ಲಿ ಶಾಲೆ. ಬೀದಿಗಳೆಲ್ಲ ದಡದಿಂದ ಹೊರಟು ಗುಡ್ಡದ ಬುಡಕ್ಕೆ ಬಂದು ಸೇರುತ್ತವೆ. ಕೆಲವು ತಿಂಗಳಿಗೊಮ್ಮೆ ಸೈರನ್ ಕೂಗಿಸುತ್ತಿದ್ದರು. ಕೂಗಿದ ಕೂಡಲೇ ಜನ ಗುಡ್ಡ ಹತ್ತಬೇಕು. ಮನೆಯಿಂದ ಕೊನೆಗೆ ಹೊರಬೀಳುವವರು ಬಾಗಿಲಿಗೆ ಒಂದು ಹಳದಿ ಬಟ್ಟೆ ಕಟ್ಟಬೇಕು. ಹಳದಿ ಬಟ್ಟೆ ಎಂದರೆ ಈ ಮನೆ ಖಾಲಿಯಾಗಿದೆ, ಇಲ್ಲಿ ಯಾರೂ ಇಲ್ಲ, ಹುಡುಕುತ್ತ ನಿಂತು ನಿಮ್ಮ ಪ್ರಾಣ ಕಳೆದುಕೊಳ್ಳಬೇಡಿ ಎಂದು ಅರ್ಥ. ದಡದಾಚೆಯ ಕಚೇರಿಯಿಂದ ಒಬ್ಬ ಅಧಿಕಾರಿ ದೋಣಿಯಲ್ಲಿ ಬಂದು ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ದುರ್ಬೀನು ಹಿಡಿದು ಕೂರುತ್ತಿದ್ದ. ಜನ ಅವನಿಗೆ ದುರ್ಬೀನು ಸಾಹೇಬ ಎಂದೇ ಹೆಸರಿಟ್ಟಿದ್ದರು. ಯಾವ ಬೀದಿಯ ಬಾಗಿಲುಗಳೆಲ್ಲ ಮೊದಲು ಹಳದಿಯಾಗುತ್ತವೋ ಆ ಬೀದಿಗೆ ಕಪ್.

ಬಂದರಿನ ಬೀದಿಯ ಹೊಣೆ ಕತ್ತರಿಯಣ್ಣನದು. ಬೀದಿಯ ಕೆಳತುದಿಯಲ್ಲಿ, ಹಾಯಿಹಗ್ಗದ ಅಂಗಡಿಯ ಪಕ್ಕ, ಅವನ ಸೆಲೂನು. ಎರಡು ಕುರ್ಚಿ, ಅದರಲ್ಲಿ ಒಂದಕ್ಕೆ ಮಾತ್ರ ಹಿಂದಕ್ಕೆ ಬಾಗುವ ಯೋಗ್ಯತೆ, ಉಪ್ಪುಗಾಳಿಗೆ ಪಾದರಸ ಕಿತ್ತುಹೋಗಿ, ನೋಡಿಕೊಂಡವರಿಗೆಲ್ಲ ಸಿಡುಬಿನ ಕಲೆ ತೋರಿಸುವ ಕನ್ನಡಿ, ಪಟಿಕದ ಗಡ್ಡೆ, ಯಾವಾಗಲೂ ಹೊಗೆಯಾಡುವ ಬಿಸಿನೀರಿನ ಕೆಟಲು. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರು ಜ್ವರ ಬಂದು ಮಲಗಿದ್ದಾರೆ, ಯಾರು ಹೆಂಡತಿಯ ಮೇಲೆ ಮುನಿಸಿಕೊಂಡು ದೋಣಿಯಲ್ಲೇ ಮಲಗುತ್ತಿದ್ದಾರೆ ಎಂಬುದೆಲ್ಲ ಕ್ಷೌರದವನಿಗೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತು? ಅದಕ್ಕೇ ಸಮಿತಿಯವರು ಅವನ ಕೊರಳಿಗೆ ಸೀಟಿ ಹಾಕಿದರು. ಎಲ್ಲರನ್ನೂ ಮುಂದೆ ಕಳಿಸಿ, ಬಟ್ಟೆ ಕಾಣದ ಬಾಗಿಲು ಬಡಿದು ನೋಡಿ, ಕೊನೆಯವನಾಗಿ ಗುಡ್ಡ ಹತ್ತುವುದು ಅವನ ಕೆಲಸ. ಹತ್ತಿದ ಮೇಲೆ ಮೆಟ್ಟಿಲ ಬಾಯಿಗೆ ಹಗ್ಗ ಅಡ್ಡ ಕಟ್ಟಿ, ಅಪಾಯ ಕಳೆಯಿತೆಂದು ಸೈರನ್ ಹೇಳುವ ತನಕ ಒಂದು ನರಪಿಳ್ಳೆಯನ್ನೂ ಕೆಳಗೆ ಬಿಡದೆ ನಿಲ್ಲುವುದೂ ಅವನದೇ ಕೆಲಸ.

ಮೊದಮೊದಲು ಬೀದಿ ಸೋಲುತ್ತಿತ್ತು. ಸೋಲುತ್ತಿದ್ದದ್ದು ಕತ್ತರಿಯಣ್ಣನ ಅಕ್ಕನಿಂದ.

ಅಕ್ಕ ಬಂದರಿನಲ್ಲಿ ಮೀನು ತೂಗುತ್ತಿದ್ದವಳು. ಒಂದು ಮಳೆಗಾಲದಲ್ಲಿ ತಕ್ಕಡಿಯ ಕಟ್ಟೆಯಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಮೇಲೆ ನಡೆದಿಲ್ಲ. ಬೀದಿಯ ಕೆಳಭಾಗದ ಮನೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು, ಹೋಗುವವರನ್ನು ಬರುವವರನ್ನು ಮಾತಾಡಿಸುತ್ತ ದಿನ ತಳ್ಳುತ್ತಿದ್ದಳು. ಮಾತಾಡಿಸುವುದೆಂದರೆ ಮಂಗಳಾರತಿ ಎತ್ತುವುದು ಎಂದೇ ಲೆಕ್ಕ. ಸೊಂಟಕ್ಕೆ ಬಂದ ಕುತ್ತು ನಾಲಿಗೆಗೆ ಬಂದಿರಲಿಲ್ಲ. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು ಅವಳು. ತನ್ನ ತಲೆ ನರೆತರೂ ಅವನು ಅವಳ ಎದುರು ಬೈಸಿಕೊಳ್ಳುವ ಹುಡುಗನೇ ಆಗಿದ್ದ, ಬೈಸಿಕೊಳ್ಳದ ದಿನ ಏನೋ ಕಳಕೊಂಡವನಂತೆ ಇರುತ್ತಿದ್ದ.

ಭಾವ ದೋಣಿ ಎಂಜಿನ್ ರಿಪೇರಿ ಮಾಡುವವನು. ಹೆಂಡತಿಗಾಗಿ ಎರಡು ಗಾಲಿಯ ಕೈಗಾಡಿಗೆ ಕುರ್ಚಿಯೊಂದನ್ನು ಬೋಲ್ಟ್ ಹಾಕಿ ಕೂರಿಸಿದ್ದ. ಒಂದು ಅಭ್ಯಾಸದಲ್ಲಿ ಆ ಗಾಡಿ ಏರಿನಲ್ಲಿ ಸಿಕ್ಕಿಕೊಂಡಿತು. ಹಿಂದೆ ಇಡೀ ಬೀದಿ ನಿಂತಿತು. ಗಾಡಿಯ ಮೇಲೆ ಕೂತವಳು ಸುಮ್ಮನಿದ್ದಳೇ?

“ಏನ್ರಪ್ಪಾ, ನನ್ನನ್ನ ಮಾರೋಕೆ ತಗೊಂಡು ಹೋಗ್ತಿದೀರಾ? ತೂಕ ನಾನೇ ಹೇಳ್ತೀನಿ, ಮೋಸ ಮಾಡಬೇಡಿ!”

ಎಲ್ಲರೂ ನಕ್ಕರು. ನಕ್ಕು ನಕ್ಕು ಸೋತರು.

ಅಂದು ಸಂಜೆ ಸೆಲೂನಿನಲ್ಲಿ ಸಭೆ ಸೇರಿತು. ಯಾರು ಮೊದಲು ಬಾಯಿಬಿಟ್ಟರೋ, ಮಾತು ಮಾತ್ರ ಎಲ್ಲರ ಬಾಯಲ್ಲೂ ಇತ್ತು: ಅಭ್ಯಾಸದ ದಿನ ಅಕ್ಕನನ್ನು ಮನೆಯಲ್ಲೇ ಬಿಟ್ಟರೆ ಏನಾಗುತ್ತದೆ? ಬಟ್ಟೆ ಕಟ್ಟಿ ಬಾಗಿಲು ಮುಂದಕ್ಕೆಳೆದರಾಯಿತು, ದುರ್ಬೀನು ಗೋಡೆಯೊಳಗೆ ನೋಡುತ್ತದೆಯೇ? ಕತ್ತರಿಯಣ್ಣ ಮೊದಲು ತಲೆ ಅಲ್ಲಾಡಿಸಿದ. ಆಮೇಲೆ ತಾನೇ ಹೋಗಿ ಅಕ್ಕನನ್ನು ಕೇಳಿದ.

“ನನಗೇನು ಬಿಸಿಲಲ್ಲಿ ಗುಡ್ಡ ಹತ್ತೋ ಶೋಕಿನಾ?” ಎಂದಳು ಅಕ್ಕ. “ನೀವು ಕುಣೀರಿ. ನಾನು ಬಾಗಿಲು ಹಾಕ್ಕೊಂಡು ನಿದ್ದೆ ಮಾಡ್ತೀನಿ.”

“ನೀರು ನಿಜವಾಗಿ ಬಂದ ದಿನ ಏನು ಮಾಡ್ತೀಯ?” ಎಂದು ಭಾವ ಕೇಳಿದ. ಅವನು ಕಡಿಮೆ ಮಾತಿನವನು, ಆದರೆ ಕೇಳಬೇಕಾದ್ದನ್ನು ಕೇಳಿದ.

“ನಿಜವಾದ ದಿನದ ಮಾತೇ ಬೇರೆ ಭಾವ. ಗಾಡಿ ಇರದಿದ್ದರೆ ನಾನೇ ಬೆನ್ನ ಮೇಲೆ ಹೊತ್ಕೊಂಡು ಹೋಗ್ತೀನಿ. ನಮ್ಮಕ್ಕನ್ನ ಬಿಟ್ಟು ಹೋಗ್ತೀನಾ?”

ಈ ಮಾತನ್ನು ಕತ್ತರಿಯಣ್ಣ ಬೀದಿಯ ನಾಲ್ಕು ಜನರ ಮುಂದೆ ಹೇಳಿದ. ಹೇಳುವಾಗ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಅಕ್ಕನ ಬಾಗಿಲಿಗೆ ಬಟ್ಟೆ ಕಟ್ಟುವ ಕೆಲಸವನ್ನು ಪಕ್ಕದ ಮನೆಯ ಟಿಕೆಟ್ಟಮ್ಮನಿಗೆ ವಹಿಸಿದರು. ದಾಟುದೋಣಿಯ ಟಿಕೆಟ್ ಹರಿಯುವ ಹೆಂಗಸು ಅವಳು, ಕೈ ಚುರುಕು. ಸೈರನ್ ಕೂಗಿದ್ದೇ ತಡ, ತನ್ನ ಬಾಗಿಲಿಗೊಂದು, ಅಕ್ಕನ ಬಾಗಿಲಿಗೊಂದು ಬಟ್ಟೆ ಬಿಗಿದು ಓಡುತ್ತಿದ್ದಳು. ಬೀದಿ ಗೆದ್ದಿತು. ಮರುಸಲವೂ ಗೆದ್ದಿತು. ಕಳ್ಳದಾರಿ ಒಮ್ಮೆ ಕಂಡರೆ ರಾಜಮಾರ್ಗ ಯಾರಿಗೆ ಬೇಕು? ಕೆಲವು ಮನೆಯವರು ಮೊದಲು ಬಟ್ಟೆ ಕಟ್ಟಿ, ಆಮೇಲೆ ಒಳಗೆ ಹೋಗಿ ಚಪ್ಪಲಿ ಹುಡುಕತೊಡಗಿದರು. ದುರ್ಬೀನು ಸಾಹೇಬ ಬೀದಿಯನ್ನು ಹೊಗಳಿದ. ಕತ್ತರಿಯಣ್ಣ ಕಪ್ ತಂದು ಕನ್ನಡಿಯ ಪಕ್ಕ ಇಟ್ಟ. ಅಕ್ಕ ಅದನ್ನು ತರಿಸಿಕೊಂಡು, ಅದರಲ್ಲೇ ಚಹಾ ಸುರಿಸಿಕೊಂಡು ಕುಡಿದಳು. “ಗೆದ್ದವಳು ನಾನು. ಅಲ್ಲಾಡದೆ ಗೆದ್ದೆ,” ಎಂದಳು.

ನಿಜವಾದ ದಿನ ಬಂದದ್ದು ಮೋಡ ಕವಿದ ಒಂದು ಮಧ್ಯಾಹ್ನ. ನೆಲ ನಡುಗಲಿಲ್ಲ, ಗಾಳಿ ಏಳಲಿಲ್ಲ. ಕತ್ತರಿಯಣ್ಣ ಅಂಚೆಯವನ ಗಡ್ಡ ಹೆರೆಯುತ್ತಿದ್ದ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದು ಕೆನ್ನೆಯಲ್ಲಿ ನೊರೆ ಇತ್ತು. ಸೈರನ್ ಶುರುವಾದಾಗ ಅಂಚೆಯವನು ಕಣ್ಣು ಮುಚ್ಚಿಕೊಂಡೇ, “ಇವತ್ತು ಅಭ್ಯಾಸ ಇತ್ತಾ?” ಎಂದು ಕೇಳಿದ.

ಇರಲಿಲ್ಲ. ಕತ್ತರಿಯಣ್ಣ ಕತ್ತಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿದ. ಬಂದರಿನಲ್ಲಿ ನೀರೇ ಇರಲಿಲ್ಲ. ಕಟ್ಟಿಹಾಕಿದ ದೋಣಿಗಳೆಲ್ಲ ಕೆಸರಿನ ಮೇಲೆ ಮಗ್ಗುಲು ಹಾಕಿ ಮಲಗಿದ್ದವು. ಜನ್ಮದಲ್ಲಿ ಯಾರೂ ಕಾಣದ ತಳ ಬಯಲಾಗಿ, ಹಳೆಯ ಲಂಗರುಗಳು, ಟೈರುಗಳು, ಚಡಪಡಿಸುವ ಮೀನುಗಳು ಕಾಣುತ್ತಿದ್ದವು.

“ಏಳೋ! ಓಡೋ!” ಎಂದು ಅಂಚೆಯವನ ರಟ್ಟೆ ಹಿಡಿದು ಎಬ್ಬಿಸಿ, ಸೀಟಿ ಬಾಯಿಗಿಟ್ಟುಕೊಂಡ.

ಬೀದಿಯನ್ನು ಹೊಗಳಲೇಬೇಕು. ಕಲಿತದ್ದು ಕೈಕಾಲುಗಳಿಗೆ ಹತ್ತಿತ್ತು. ಕಿರುಚಾಟವಿಲ್ಲ, ನೂಕಾಟವಿಲ್ಲ, ಕೂಸುಗಳನ್ನು ಕಂಕುಳಲ್ಲಿ ಇರುಕಿಕೊಂಡು ಜನ ಗುಡ್ಡದ ಕಡೆ ಹೊರಟರು. ಬಾಗಿಲುಗಳು ಒಂದೊಂದಾಗಿ ಹಳದಿಯಾದವು. ಕತ್ತರಿಯಣ್ಣ ಕೆಳಗಿನಿಂದ ಬಾಗಿಲು ಬಾಗಿಲು ನೋಡುತ್ತ ಬಂದ. ಹಗ್ಗದ ಅಂಗಡಿಯ ಮುದುಕನನ್ನು ಗದರಿಸಿ ಹೊರಡಿಸಿದ. ಬಟ್ಟೆ ಕಾಣದ ಒಂದು ಬಾಗಿಲನ್ನು ಒದ್ದು ತೆರೆದು, ಒಳಗೆ ಯಾರೂ ಇಲ್ಲವೆಂದು ನೋಡಿ, ಮುಂದೆ ನಡೆದ.

ಅಕ್ಕನ ಮನೆಯ ಮುಂದೆ ಬಂದಾಗ ಮೊದಲು ನೋಡಿದ್ದು ಗೋಡೆಯ ಬದಿಯನ್ನು. ಅಲ್ಲಿ ಗಾಡಿ ಇರಲಿಲ್ಲ. ಭಾವ ಆಗಲೇ ಬಂದು ಕರೆದುಕೊಂಡು ಹೋಗಿದ್ದಾನೆ. ಬಾಗಿಲು ಮುಂದಕ್ಕೆಳೆದಿತ್ತು, ಹಿಡಿಗೆ ಹಳದಿ ಬಟ್ಟೆ ಕಟ್ಟಿತ್ತು. ಅಬ್ಬಾ, ಎಂದುಕೊಂಡ. ನಿಜವಾಗಿಯೂ ಎದೆಯ ಮೇಲಿನ ಬಂಡೆ ಇಳಿದಂತಾಯಿತು ಅವನಿಗೆ.

ಆಗ ಒಳಗಿನಿಂದ ಏನೋ ಕೇಳಿಸಿತು. ಸೈರನ್ನಿನ ಕಂಬ ಆ ಮೂಲೆಯಲ್ಲೇ ಇದ್ದದ್ದು. ಅದರ ಕೂಗು ಕಿವಿಯೊಳಗೆ ಗಿರಣಿಯಂತೆ ತಿರುಗುತ್ತಿತ್ತು. ಆ ಕೂಗಿನ ಅಡಿಯಲ್ಲಿ ಇನ್ನೊಂದು ಸದ್ದು. ಕಿಟಕಿಯ ಬಾಗಿಲು ಬಡಿದುಕೊಂಡದ್ದೇ? ಹಿತ್ತಿಲಲ್ಲಿ ಬೆಕ್ಕು? ಅವನು ನಿಂತ. ಕೈ ತಾನಾಗಿಯೇ ಅಗುಳಿಯ ಮೇಲೆ ಹೋಯಿತು. ಕಣ್ಣು ಬಟ್ಟೆಯನ್ನು ನೋಡಿತು. ಕಟ್ಟಿದೆ. ಗಾಡಿಯೂ ಇಲ್ಲ. ಬಟ್ಟೆ ಕಂಡ ಬಾಗಿಲಲ್ಲಿ ನಿಲ್ಲಬಾರದು ಎಂದು ಊರಿಗೆಲ್ಲ ಪಾಠ ಹೇಳಿದವನು ಅವನೇ.

“ಅಣ್ಣಾ! ನೀರು ತಿರುಗ್ತಿದೆ!” ಎಂದು ಮೇಲಿನಿಂದ ಅಂಚೆಯವನು ಕೂಗಿದ. ಅವನ ಅರ್ಧ ಮುಖದ ನೊರೆ ಇನ್ನೂ ಹಾಗೇ ಇತ್ತು.

ಕತ್ತರಿಯಣ್ಣ ಅಗುಳಿಯ ಮೇಲಿನ ಕೈ ತೆಗೆದು ಓಡಿದ.

ಗುಡ್ಡದ ಮೇಲೆ ಹತ್ತುತ್ತಲೇ ಹಗ್ಗ ಕಟ್ಟಿದ. ಅವನ ಬೀದಿ ಪೂರ್ತಿ ಬಂದಿತ್ತು. ಮೀನು ಒಣಗಿಸುವ ಹೆಂಗಸೊಬ್ಬಳು ಹಗ್ಗದ ಹತ್ತಿರ ಬಂದು, ಕೋಳಿಗೂಡು ತೆರೆದು ಬಿಡುವುದನ್ನು ಮರೆತೆ, ಒಂದೇ ಉಸಿರಿಗೆ ಹೋಗಿ ಬರುತ್ತೇನೆ ಎಂದಳು.

“ಕೋಳಿಗೋಸ್ಕರ ಪ್ರಾಣ ಕೊಡ್ತೀಯಾ? ಬುದ್ಧಿ ಎಲ್ಲಿಟ್ಟಿದೀಯ? ಹೋಗು, ಮಕ್ಕಳ ಹತ್ರ ಕೂತ್ಕೋ,” ಎಂದು ರೇಗಿದ. ಅವಳು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದು ನಿಂತಳು.

ಆಮೇಲೆ ಅವನು ಅಕ್ಕನನ್ನು ಹುಡುಕಿದ. ಹುಡುಕಿದ ಎನ್ನುವುದೂ ತಪ್ಪು, ಬೈಸಿಕೊಳ್ಳೋಣವೆಂದು ಹೋದ. ಏರಿನಲ್ಲಿ ಗಾಡಿ ಎಷ್ಟು ಕುಲುಕಿತು, ಭಾವ ಎಷ್ಟು ಸಲ ಮುಗ್ಗರಿಸಿದ ಎಂದು ಅವಳು ಕತೆ ಶುರು ಮಾಡಿರುತ್ತಾಳೆ, ಸುತ್ತ ನಾಲ್ಕು ಜನ ನಗುತ್ತಿರುತ್ತಾರೆ ಎಂದುಕೊಂಡ. ಶಾಲೆಯ ಜಗಲಿಯಲ್ಲಿ ಭಾವ ಕಂಡ. ಒಬ್ಬನೇ ಕೂತು, ಎಂಜಿನ್ ಎಣ್ಣೆ ಮೆತ್ತಿದ ಕೈಯನ್ನು ಚಿಂದಿಯಿಂದ ಒರೆಸಿಕೊಳ್ಳುತ್ತಿದ್ದ. ಮೈದುನನನ್ನು ಕಂಡವನೇ ಸಮಾಧಾನದಿಂದ ಎದ್ದು ನಿಂತ.

“ಎಲ್ಲಿ ಕೂರಿಸಿದೀಯ ಅವಳನ್ನ?” ಎಂದು ಭಾವ ಕೇಳಿದ.

“ಯಾರನ್ನ?”

“ಯಾರನ್ನ ಅಂದ್ರೆ? ನಿಮ್ಮಕ್ಕನ್ನ.”

“ನೀವು... ಗಾಡಿಯಲ್ಲಿ...”

“ಗಾಡಿಯಲ್ಲಿ ಬೆಳಗ್ಗೆ ಎಂಜಿನ್ ಹಾಕ್ಕೊಂಡು ವರ್ಕ್‌ಶಾಪಿಗೆ ಹೋಗಿದ್ದೆ. ಅದನ್ನ ಇಳಿಸೋಕೆ ಆಗ್ಲಿಲ್ಲ. ಗಾಡಿ ಬಿಟ್ಟು ಮನೆಗೆ ಓಡಿ ಬಂದೆ. ಬೀದಿ ಮೂಲೆಯಿಂದಲೇ ಬಟ್ಟೆ ಕಾಣಿಸ್ತು. ನೀನು ಹೊತ್ಕೊಂಡು ಹೋಗಿದೀಯ ಅಂತ...” ಭಾವ ಕೈಯ ಚಿಂದಿ ಕೆಳಗೆ ಹಾಕಿದ. “ಹೊತ್ಕೊಂಡು ಹೋಗ್ತೀನಿ ಅಂದಿದ್ಯಲ್ಲೋ.”

ಆ ಬಾಗಿಲಿಗೆ ಟಿಕೆಟ್ಟಮ್ಮ ಕಟ್ಟುವ ಬಟ್ಟೆ ಯಾವತ್ತೂ ಖಾಲಿ ಮನೆಯ ಮೇಲೆ ಹಾರಾಡಿದ್ದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕಟ್ಟಿದಾಗಲೆಲ್ಲ ಒಳಗೆ ಅಕ್ಕ ಇರುತ್ತಿದ್ದಳು. ಗೊತ್ತಿದ್ದೂ ಇಬ್ಬರೂ ಬಟ್ಟೆಯ ಮಾತನ್ನೇ ನಂಬಿದ್ದರು.

ಭಾವ ಮೆಟ್ಟಿಲಿನ ಕಡೆ ಓಡಿದ. ಕತ್ತರಿಯಣ್ಣ ಅವನಿಗಿಂತ ಮೊದಲು ಓಡಿದ. ಹಗ್ಗದ ಹತ್ತಿರ ಬಂದವನೇ ಅದನ್ನು ಎತ್ತಿ, ತಲೆ ಬಗ್ಗಿಸಿ ಒಂದು ಕಾಲು ಆಚೆ ಇಟ್ಟ. ಇಟ್ಟದ್ದು ಸುಳ್ಳಲ್ಲ. ಅವನ ಕಾಲು ಮೆಟ್ಟಿಲ ಮೇಲಿತ್ತು.

“ಓಹೋ, ಬೇಲಿಯೇ ಎದ್ದು ಹೊಲ ಮೇಯೋಕೆ ಹೊರಟಿತಾ?” ಎಂದಳು ಮೀನು ಒಣಗಿಸುವವಳು. ಅವಳಿಗೆ ಅಕ್ಕನ ಸಂಗತಿ ಗೊತ್ತಿರಲಿಲ್ಲ. “ನನಗೊಂದು ನ್ಯಾಯ, ನಿನಗೊಂದು ನ್ಯಾಯವಾ? ಹಾಗಾದ್ರೆ ನಾನೂ ಹೋಗ್ತೀನಿ, ಬಿಡು.”

ಅವಳ ಹಿಂದೆ ಇನ್ನೊಬ್ಬ ಎದ್ದ. ಅವನ ನಾಯಿ ಕೆಳಗಿತ್ತು. ಇನ್ನೊಬ್ಬಳ ಬಂಗಾರ ಡಬ್ಬಿಯಲ್ಲಿತ್ತು. ಹೊಸ ಎಂಜಿನ್ ಕೊಂಡ ದೋಣಿಯವನು ಬೆಳಗಿನಿಂದಲೂ ಹೊಂಚುತ್ತಿದ್ದವನಂತೆ ಹಗ್ಗದ ಹತ್ತಿರ ಬಂದ. ಹಗ್ಗ ಎತ್ತಿದ ಕೈಯನ್ನೇ ಎಲ್ಲರೂ ನೋಡುತ್ತಿದ್ದರು. ಕತ್ತರಿಯಣ್ಣ ತಿರುಗಿ ಬಂದರಿನತ್ತ ನೋಡಿದ. ದೂರದಲ್ಲಿ, ಸಮುದ್ರದ ಮೇಲೆ ಯಾರೋ ಸುಣ್ಣದ ಗೆರೆ ಎಳೆದಂತೆ ಒಂದು ಬಿಳಿ ಗೆರೆ ಇತ್ತು. ನೋಡುತ್ತಿದ್ದಂತೆ ಅದು ದಪ್ಪವಾಯಿತು.

ತಾನು ಇಳಿದರೆ ಭಾವ ಇಳಿಯುತ್ತಾನೆ. ಭಾವನ ಹಿಂದೆ ಇವರೆಲ್ಲ ಇಳಿಯುತ್ತಾರೆ. ನೀರಿಗಿಂತ ಮೊದಲು ಯಾರೂ ಅಕ್ಕನ ಬಾಗಿಲು ಮುಟ್ಟುವುದಿಲ್ಲ. ಇಷ್ಟು ಅವನಿಗೆ ಕಂಡಿತು. ಕಾಣದೆ ಹೋಗಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ. ಅವನು ಕಾಲನ್ನು ಈಚೆಗೆ ತೆಗೆದ. ಹಗ್ಗವನ್ನು ಮೊದಲಿದ್ದ ಹಾಗೆ ಬಿಗಿದ. ಆಮೇಲೆ ಎರಡೂ ತೋಳುಗಳಿಂದ ಭಾವನನ್ನು ತಬ್ಬಿ ಹಿಡಿದ.

“ಬಿಡೋ!” ಎಂದು ಭಾವ ಅರಚಿದ. “ನಿನ್ನ ಒಡಹುಟ್ಟಿದವಳು ಕಣೋ! ತಾಯಿ ಹಾಗೆ ಸಾಕಿದವಳು! ಬಿಡೋ ಪಾಪಿ!”

ಎಂಜಿನ್ ಎತ್ತುವ ತೋಳುಗಳು ಅವು. ಭಾವನ ಮೊಣಕೈ ಬಡಿದು ಕತ್ತರಿಯಣ್ಣನ ತುಟಿ ಒಡೆಯಿತು. ಅಂಚೆಯವನೂ ಇನ್ನಿಬ್ಬರೂ ಬಂದು ಹಿಡಿದರು. ಕತ್ತರಿಯಣ್ಣ ಭಾವನ ಭುಜಕ್ಕೆ ಮುಖ ಒತ್ತಿಕೊಂಡು, ಕೆಳಗೆ ನೋಡದೆ, “ಬೇಡ ಭಾವ, ಬೇಡ ಭಾವ” ಎನ್ನುತ್ತಲೇ ಇದ್ದ.

ನೀರು ಬಂತು. ಎಲ್ಲರೂ ಎಣಿಸಿದಂತೆ ಅದು ಗೋಡೆಯ ಹಾಗೆ ಎದ್ದು ಬರಲಿಲ್ಲ. ಬಂದರು ತುಂಬಿತು, ತುಂಬಿದ್ದು ನಿಲ್ಲಲಿಲ್ಲ, ಅಷ್ಟೆ. ಕಂದು ಬಣ್ಣದ ನೀರು ಬೀದಿಯೊಳಗೆ ಯಾವ ಆತುರವೂ ಇಲ್ಲದೆ ಹತ್ತುತ್ತ, ದೋಣಿಗಳನ್ನು ಹೊತ್ತು ತಂದು ಮನೆಗಳ ಸೂರಿಗೆ ಆನಿಸಿತು. ಸೈರನ್ನಿನ ಕಂಬ ಬಾಗಿ ಕೂಗು ನಿಂತಿತು. ಕೂಗು ನಿಂತ ಮೇಲೆ ಮರ ಮುರಿಯುವ ಸದ್ದು ಗುಡ್ಡದ ತನಕ ಕೇಳಿಸಿತು. ಭಾವ ಒದ್ದಾಡುವುದನ್ನು ಬಿಟ್ಟ. ಹಿಡಿದವರು ಮೆಲ್ಲನೆ ಕೈ ಸಡಿಲಿಸಿದರು, ಅವನು ನೆಲದ ಮೇಲೆ ಕುಸಿದು ಕೂತ.

ಟಿಕೆಟ್ಟಮ್ಮ ಹತ್ತಿರ ಬಂದು ನಿಂತಳು.

“ಅಣ್ಣಾ, ಬಟ್ಟೆ ಕಟ್ಟಿದ್ದು ನಾನೇ. ಯಾವಾಗ್ಲೂ ಕಟ್ಟೋ ಹಾಗೆ ಕಟ್ಟಿಬಿಟ್ಟೆ. ಕೈ ಕಟ್ತು ಅಣ್ಣ, ನಾನು ಯೋಚನೆ ಮಾಡ್ಲಿಲ್ಲ. ನೀವು ಬರ್ತೀರಿ ಅಂತ ಇದ್ದೆ...”

“ನಿನಗೆ ಕಟ್ಟು ಅಂದವನು ನಾನಮ್ಮ,” ಎಂದ ಕತ್ತರಿಯಣ್ಣ. ಅವಳು ಅವನ ಕಾಲ ಹತ್ತಿರವೇ ಕೂತು ಅತ್ತಳು. ಅವನಿಗೆ ಅಳು ಬರಲಿಲ್ಲ. ಅಗುಳಿಯ ಮೇಲಿಟ್ಟಿದ್ದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ಅಂಗಿಯ ಜೇಬಿನೊಳಗೆ ತುರುಕಿಕೊಂಡು ನಿಂತಿದ್ದ. ಒಳಗೆ ಏನೋ ಕೇಳಿಸಿತ್ತು ಎಂಬುದನ್ನು ಅವನು ಭಾವನಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಆ ರಾತ್ರಿಯ ಮಾತು ಬೇಡ. ಅದನ್ನು ಕಳೆದವರಿಗೇ ಅದರ ನೆನಪು ಬೇಡವಾಗಿದೆ.

ಬೆಳಗಾಗಿ, ನೀರು ಇಳಿದು, ಪೊಲೀಸರ ದೋಣಿ ಬಂದು, ಇನ್ನು ಇಳಿಯಬಹುದು ಎಂದಾಗ ಹಗ್ಗ ಬಿಚ್ಚಿದರು. ಭಾವ ಮುಂದೆ, ಕತ್ತರಿಯಣ್ಣ ಹಿಂದೆ. ಸೆಲೂನು ಇದ್ದ ಜಾಗದಲ್ಲಿ ಯಾರದೋ ದೋಣಿ ಬೋರಲು ಬಿದ್ದಿತ್ತು. ಅದನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಅಕ್ಕನ ಮನೆ ನಿಂತಿತ್ತು. ಬಾಗಿಲ ಮುಂದೆ ತೊಲೆಗಳು, ಬಲೆಗಳು, ಕೆಸರು. ಗೋಡೆಯ ಮೇಲೆ ನೀರಿನ ಗೆರೆ ಬಾಗಿಲಿನ ಮೇಲ್ಪಟ್ಟಿಗಿಂತ ಮೇಲಿತ್ತು. ಆ ಗೆರೆ ಕಂಡು ಭಾವನ ಕಾಲು ಮುಂದೆ ಹೋಗಲಿಲ್ಲ. ಕತ್ತರಿಯಣ್ಣ ತೊಲೆಗಳನ್ನು ಎಳೆದು ಹಾಕಿ ಬಾಗಿಲು ಮುರಿದ.

ಅವಳು ಇದ್ದಳು. ಮಂಚದ ಮೇಲಿನ ಸ್ಪಂಜಿನ ಹಾಸಿಗೆ ನೀರಿನ ಜೊತೆಗೇ ತೇಲಿ ಮೇಲೆ ಬಂದು, ನೀರು ಇಳಿಯುವಾಗ ಕಿಟಕಿಯ ಮೇಲುಗಡೆಗೂ ಬೀರುವಿಗೂ ನಡುವೆ ಸಿಕ್ಕಿಕೊಂಡಿತ್ತು. ಅದರ ಮೇಲೆ ಅವಳು ಕಿಟಕಿಯ ಸರಳಿಗೆ ಸೀರೆಯ ಸೆರಗು ಸುತ್ತಿ, ಸರಳನ್ನು ಹಿಡಿದುಕೊಂಡೇ ಇದ್ದಳು. ಕೈ ಬಿಡಿಸಲು ಒಂದೊಂದೇ ಬೆರಳು ಎತ್ತಬೇಕಾಯಿತು. ಕಣ್ಣುಗಳು ತೆರೆದಿದ್ದವು. ಗಂಡನನ್ನು ನೋಡಿದಳು, ತಮ್ಮನನ್ನು ನೋಡಿದಳು. ಏನೂ ಹೇಳಲಿಲ್ಲ.

ಸುದ್ದಿ ದ್ವೀಪದ ತುಂಬ ಹರಡಿತು. ಅಕ್ಕ ಯಮನ ಬಾಗಿಲ ತನಕ ಹೋಗಿ ವಾಪಸು ಬಂದಳು ಎಂದು ಜನ ಶಾಲೆಯ ಕೋಣೆಗೆ ಬಂದು ಬಂದು ನೋಡಿದರು. ದಡದಾಚೆಯಿಂದ ಬಂದ ನರ್ಸಮ್ಮ ಎರಡು ಬೆಂಚು ಕೂಡಿಸಿ ಅವಳಿಗೆ ಹಾಸಿಗೆ ಮಾಡಿದ್ದಳು. ಮಾತಾಡಿಸಬೇಡಿ, ಉಪ್ಪುನೀರು ಕುಡಿದಿದ್ದಾರೆ, ಬಳಲಿದ್ದಾರೆ ಎಂದು ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದಳು. ಬೇರೆ ಬೀದಿಗಳಲ್ಲಿ ಹೆಣಗಳು ಸಿಕ್ಕವು. ಬಂದರಿನ ಬೀದಿಯಲ್ಲಿ ಒಂದು ಜೀವವೂ ಹೋಗಿರಲಿಲ್ಲ. ದುರ್ಬೀನು ಸಾಹೇಬ ಬಂದು ಕತ್ತರಿಯಣ್ಣನ ಕೈ ಕುಲುಕಿದ.

“ಮಾದರಿ ಬೀದಿ ನಿಮ್ಮದು. ಆ ಹಗ್ಗ ಬಿಡಲಿಲ್ಲ ನೀವು ಅಂತ ಕೇಳಿದೆ. ಎಲ್ಲ ಕಡೆ ಇದನ್ನೇ ಹೇಳಿಕೊಡಬೇಕು,” ಎಂದ.

ಮೀನು ಒಣಗಿಸುವವಳೂ ಬಂದು, ಆಡಬಾರದ್ದನ್ನು ಆಡಿದೆ, ನಿನ್ನಿಂದ ನನ್ನ ಮಕ್ಕಳಿಗೆ ತಾಯಿ ಉಳಿದಳು ಎಂದು ಕೈ ಮುಗಿದಳು. ಎಲ್ಲರೂ ಹೊಗಳಿದರು. ಹೊಗಳಿಕೆ ಎಂಬುದು ಅವನಿಗೆ ಮೈಮೇಲೆ ಹುಳ ಹರಿದಂತೆ ಆಗುತ್ತಿತ್ತು. ಭಾವ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಹೆಂಡತಿಯ ಪಾದ ತಿಕ್ಕುತ್ತ ಕೂತಿದ್ದ, ಮೈದುನ ಬಂದರೆ ಜಾಗ ಬಿಟ್ಟು ಎದ್ದು ಹೋಗುತ್ತಿದ್ದ. ಕತ್ತರಿಯಣ್ಣ ಕಾಯುತ್ತಿದ್ದದ್ದು ಅಕ್ಕನ ಬೈಗುಳಕ್ಕೆ. ಅವಳೊಬ್ಬಳು ಬೈದರೆ ಸಾಕು, ಅಳುವುದಕ್ಕಾದರೂ ಒಂದು ದಾರಿ ಸಿಗುತ್ತದೆ ಎಂದು ಕಾದ. ಅವಳು ಅವನನ್ನು ಕಂಡಾಗಲೆಲ್ಲ ಕಣ್ಣಿನಲ್ಲೇ ಹತ್ತಿರ ಕರೆದು, ಅವನ ಒಡೆದ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ನರ್ಸಮ್ಮ, ಇವರ ಕೂದಲು ತೆಗೆಯಲೇಬೇಕು, ಡೀಸೆಲ್ಲೂ ಕೆಸರೂ ಸೇರಿ ಹಗ್ಗವಾಗಿದೆ, ನೆತ್ತಿಯಲ್ಲಿ ಹುಣ್ಣಾಗುತ್ತಿದೆ ಎಂದಳು. ಯಾರೋ ಕತ್ತರಿ ತಂದುಕೊಟ್ಟರು. ಬಟ್ಟೆ ಕತ್ತರಿಸುವ ಕತ್ತರಿ ಅದು, ಅವನ ಕೈಗೆ ಭಾರವಾಯಿತು. ಅಕ್ಕನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಹೆಗಲಿಗೆ ಟವೆಲ್ಲು ಹೊದಿಸಿದ. ಭಾವ ನೀರು ತರಲು ಹೋಗಿದ್ದ. ಕೋಣೆಯಲ್ಲಿ ಇಬ್ಬರೇ ಇದ್ದರು.

ಊರಿನವರ ತಲೆಯನ್ನೆಲ್ಲ ಬೋಳಿಸಿದ್ದ, ಅಕ್ಕನ ತಲೆಗೆ ಎಂದೂ ಕತ್ತರಿ ಹಾಕಿರಲಿಲ್ಲ. ಮೊದಲು ಬುಡ ಹಿಡಿದುಕೊಂಡು, ಎಳೆತ ನೆತ್ತಿಗೆ ತಾಗದಂತೆ, ಜಡೆಯನ್ನು ತುಂಡು ತುಂಡಾಗಿ ಬಿಡಿಸಿದ. ಗಟ್ಟಿ ಕೆಸರಿನ ಹೆಂಟೆಗಳು ನೆಲದ ಮೇಲೆ ಬಿದ್ದವು. ಕಿವಿಯ ಹಿಂದೆ ಒಣಗಿದ ಮರಳನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಅವಳ ಮುಖ ಕಾಣದ್ದರಿಂದಲೋ ಏನೋ, ಅವನಿಗೆ ಬಾಯಿ ಬಂತು.

“ಅಕ್ಕಾ, ಆವತ್ತು ನಾನು ನಿನ್ನ ಬಾಗಿಲ ತನಕ ಬಂದಿದ್ದೆ.”

ಕಿವಿಯ ಮೇಲಿನ ಒಂದು ಗಂಟನ್ನು ಕತ್ತರಿಸಿ ಕೆಳಗೆ ಹಾಕಿದ.

“ಅಗುಳಿ ಮೇಲೆ ಕೈ ಇಟ್ಟಿದ್ದೆ. ಒಳಗೆ ಏನೋ ಕೇಳಿಸಿತು ನನಗೆ.” ಕತ್ತರಿ ನಿಂತಿತು. “ನೀನು ಕರೆದ್ಯಾ ಅಕ್ಕ?”

ಅವಳು ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಬಗ್ಗಿ, ಅವಳ ಬಾಯಿಯ ಹತ್ತಿರ ಕಿವಿ ತಂದ.

“ಇಲ್ವೋ ತಮ್ಮ. ಮಲಗಿಬಿಟ್ಟಿದ್ದೆ. ನೀನು ಬಂದಿದ್ದೇ ಗೊತ್ತಾಗ್ಲಿಲ್ಲ ನನಗೆ. ಕರೀಲೇ ಇಲ್ಲ.”

ಮಾತಿನಲ್ಲಿ ದನಿಯೇ ಇರಲಿಲ್ಲ. ಕಮ್ಮಾರನ ಹರಿದ ತಿದಿಯ ಹಾಗೆ ಗಾಳಿ ಮಾತ್ರ ಬರುತ್ತಿತ್ತು. ಒಂದೊಂದು ಮಾತಿಗೂ ಕತ್ತಿನ ನರ ಉಬ್ಬುತ್ತಿತ್ತು, ನೋವಿಗೆ ಅವಳ ಕಣ್ಣಂಚು ಮುದುಡುತ್ತಿತ್ತು. ಉಪ್ಪುನೀರು ಕುಡಿದ ಗಂಟಲಲ್ಲ ಅದು. ಕೂಗಿ ಕೂಗಿ ಒಡೆದುಹೋದ ಗಂಟಲು. ಬೀದಿಯ ಕೊನೆಯ ಹೆಜ್ಜೆ ಸದ್ದು ದೂರವಾಗುವ ತನಕ, ಆಮೇಲೆ ನೀರು ಬರುವ ತನಕ, ನೀರು ಬಂದ ಮೇಲೂ ಅವಳು ಕೂಗಿದ್ದಳು. ಯಾರನ್ನು ಕೂಗಿದ್ದಳು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕ್ಷಮಿಸು ಎಂದು ಅವಳ ಕಾಲು ಹಿಡಿಯಬೇಕೆಂದಿದ್ದವನು ಹಾಗೇ ನಿಂತ. ಕರೆಯಲೇ ಇಲ್ಲ ಎನ್ನುವವಳ ಹತ್ತಿರ ಏನೆಂದು ಕ್ಷಮೆ ಕೇಳುವುದು?

“ಹೌದಾ,” ಎಂದ. ಬೇರೆ ಏನು ಹೇಳಿದ್ದರೂ, ಅದೇ ಗಂಟಲಿನಿಂದ ಅವಳು ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು.